ಹಳೆಯ ಎಕ್ಸ್‌ಎಲ್‌ಎಸ್ ಫೈಲುಗಳು ಕ್ಲೌಡ್‌ನಲ್ಲಿ ತೆರೆಯುತ್ತವೆ, ಆದರೆ ತಿದ್ದಲು ಬಿಡುತ್ತಿಲ್ಲ

ಜಮಾಖರ್ಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕಚೇರಿಯ ಕಂಪ್ಯೂಟರುಗಳಲ್ಲಿದ್ದ ಫೈಲುಗಳನ್ನೆಲ್ಲ ಇತ್ತೀಚೆಗೆ ಕ್ಲೌಡ್ ಆಧಾರಿತ ಆಫೀಸ್ ತಂತ್ರಾಂಶಕ್ಕೆ ಸಾಗಿಸಲಾಯಿತು. ಈಚಿನ ವರ್ಷಗಳಲ್ಲಿ ಮಾಡಿದ ಫೈಲುಗಳು ಬ್ರೌಸರಿನಲ್ಲಿ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತವೆ, ಇಬ್ಬರು ಮೂವರು ಒಟ್ಟಿಗೆ ಕುಳಿತು ತಿದ್ದಬಹುದು. ತೊಂದರೆ ಇರುವುದು 2009ಕ್ಕೂ ಹಿಂದೆ ಮಾಡಿಟ್ಟ, ಹೆಸರಿನ ಕೊನೆಗೆ ಎಕ್ಸ್‌ಎಲ್‌ಎಸ್ ಎಂದಿರುವ ಸುಮಾರು 140 ಸ್ಪ್ರೆಡ್‌ಶೀಟುಗಳಲ್ಲಿ.

ಇವುಗಳಲ್ಲಿ ಹೆಚ್ಚಿನವು ಓದಲು ಮಾತ್ರ ತೆರೆಯುತ್ತವೆ. ತಿದ್ದುವ ಗುಂಡಿಯನ್ನು ಒತ್ತಿದರೆ ಫೈಲಿನ ಒಂದು ನಕಲು ಪ್ರತಿ ಮಾಡಿಕೊಳ್ಳಬೇಕೆಂದು ತಂತ್ರಾಂಶ ಕೇಳುತ್ತದೆ. ಒಪ್ಪಿದರೆ ಅದೇ ಹೆಸರಿನ ಇನ್ನೊಂದು ಫೈಲು ಪಕ್ಕದಲ್ಲೇ ಹುಟ್ಟಿಕೊಳ್ಳುತ್ತದೆ. ಇದನ್ನು ಅರಿಯದೆ ನಾನು ಹೊಸ ಪ್ರತಿಯಲ್ಲಿಯೂ ನನ್ನ ಸಹೋದ್ಯೋಗಿ ತಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಫೈಲಿನಲ್ಲಿಯೂ ಎರಡು ವಾರ ನಮೂದುಗಳನ್ನು ಮಾಡುತ್ತ ಹೋದೆವು. ಈಗ ಎರಡರ ಮೊತ್ತವೂ ತಾಳೆಯಾಗುತ್ತಿಲ್ಲ.

ಆರೇಳು ಫೈಲುಗಳಂತೂ ತೆರೆಯುವುದೇ ಇಲ್ಲ, ಫೈಲು ಹಾಳಾಗಿದೆ ಎಂಬ ಸೂಚನೆ ಬರುತ್ತದೆ. ಅವುಗಳಲ್ಲಿ ಕೆಲವನ್ನು ಇಳಿಸಿಕೊಂಡು ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ತೆರೆದರೆ ಏನೋ ಒಂದು ಎಚ್ಚರಿಕೆಯ ಮಾತು ಬಂದು, ಆಮೇಲೆ ಸರಿಯಾಗಿಯೇ ತೆರೆಯುತ್ತವೆ. ಇನ್ನೊಂದು ಫೈಲಿನಿಂದ ಕೆಲವು ಸಾಲುಗಳನ್ನು ನಕಲು ಮಾಡಿ ಹೊಸ ಫೈಲಿಗೆ ಅಂಟಿಸಿದಾಗ 2008ರ ಏಪ್ರಿಲ್ 1 ಎಂದಿದ್ದ ದಿನಾಂಕ 2004ರ ಮಾರ್ಚ್ 31 ಎಂದಾಯಿತು. ಒಂದು ಮುಖ್ಯ ಫೈಲಿನಲ್ಲಿ ತಿಂಗಳ ವರದಿ ಸಿದ್ಧಪಡಿಸುವ ಗುಂಡಿಯೊಂದಿತ್ತು. ಬ್ರೌಸರಿನಲ್ಲಿ ಅದನ್ನು ಒತ್ತಿದರೆ ಏನೂ ಆಗುವುದಿಲ್ಲ.

ಇದು ಅನುಮತಿಗಳಿಗೆ ಸಂಬಂಧಿಸಿದ ಸೆಟ್ಟಿಂಗ್ ಇರಬಹುದೆಂದು ಭಾವಿಸಿ ಎರಡು ದಿನ ಹುಡುಕಿದೆ, ಸಿಗಲಿಲ್ಲ. ಎಲ್ಲ ಫೈಲುಗಳನ್ನೂ ಹೊಸ ರೂಪಕ್ಕೆ ಬದಲಿಸಬೇಕೆ? ಬದಲಿಸಿದರೆ ಒಳಗಿನ ಲೆಕ್ಕ ಕೆಡುವುದಿಲ್ಲವೆಂದು ನಂಬುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ನಿಧಾನಿ:

ಸೆಟ್ಟಿಂಗ್ ಹುಡುಕುವುದನ್ನು ನಿಲ್ಲಿಸಿ. ಅನುಮತಿಯಲ್ಲಿ ದೋಷವಿಲ್ಲ, ಫೈಲುಗಳೂ ಕೆಟ್ಟಿಲ್ಲ. ತೆರೆಯದ ಆರೇಳು ಫೈಲುಗಳ ಮಾತು ಬೇರೆ. ಅದನ್ನು ಇನ್ನೊಬ್ಬರು ಹೇಳಲಿ.

ಎಕ್ಸ್‌ಎಲ್‌ಎಸ್ ಎಂಬುದು ಎಕ್ಸೆಲ್ 97ರಿಂದ 2003ರವರೆಗಿನ ಆವೃತ್ತಿಗಳ ಫೈಲ್ ರೂಪ. ಅದೊಂದು ಬೈನರಿ ರೂಪ, ಅಂದರೆ ಪಠ್ಯವಾಗಿ ಓದಲಾಗದ್ದು. ಫೈಲಿನೊಳಗೇ ಒಂದು ಪುಟ್ಟ ಡಿಸ್ಕ್ ಇದೆಯೇನೋ ಎಂಬಂತೆ ಶೀಟುಗಳು, ಮ್ಯಾಕ್ರೊಗಳು (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಮುಗಳು), ಚಿತ್ರಗಳು ಎಲ್ಲವನ್ನೂ ಅದರಲ್ಲಿ ಸರಪಣಿಯಾಗಿ ಜೋಡಿಸಿರುತ್ತಾರೆ. ಎಕ್ಸೆಲ್ 2007ರೊಂದಿಗೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಬೇರೆಯದೇ ಜಾತಿಯದು: ಅದು ನಿಜಕ್ಕೂ ಒಂದು ಜಿಪ್ ಪೊಟ್ಟಣ, ಅದರೊಳಗೆ ಪ್ರತಿ ಶೀಟಿಗೂ ಪ್ರತ್ಯೇಕವಾದ ಎಕ್ಸ್‌ಎಂಎಲ್ ಪಠ್ಯ ಇರುತ್ತದೆ. ಬ್ರೌಸರಿನಲ್ಲಿ ಕೆಲಸ ಮಾಡುವ ತಂತ್ರಾಂಶಗಳು, ವಿಶೇಷವಾಗಿ ಹಲವರು ಏಕಕಾಲಕ್ಕೆ ತಿದ್ದುವ ಸೌಲಭ್ಯ, ಈ ಎರಡನೆಯ ರೂಪವನ್ನು ಅಥವಾ ತಮ್ಮದೇ ಆದ ಒಳರೂಪವನ್ನು ನೆಚ್ಚಿಕೊಂಡು ರಚಿತವಾಗಿವೆ. ಹಳೆಯ ಫೈಲನ್ನು ಅವು ಓದಿ ತೋರಿಸಬಲ್ಲವು, ಆದರೆ ಅದೇ ರೂಪದಲ್ಲಿ ಮರಳಿ ಬರೆಯುವ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಆದ್ದರಿಂದ ನೀವು ತಿದ್ದುವ ಗುಂಡಿ ಒತ್ತಿದಾಗ ತಿದ್ದುತ್ತಿರುವುದು ನಿಮ್ಮ ಫೈಲನ್ನಲ್ಲ, ಅದರ ಅನುವಾದವನ್ನು. ಮೂಲ ತನ್ನ ಪಾಡಿಗೆ ತಾನಿರುತ್ತದೆ. ನಿಮ್ಮ ಎರಡು ವಾರದ ಗೊಂದಲವೂ ಇಲ್ಲಿಂದಲೇ ಹುಟ್ಟಿದ್ದು. ಅನುವಾದ ಹೇಗಿದ್ದರೂ ಆಗಲೇಬೇಕಾದರೆ, ಅದು ಗುಂಡಿಯ ಹಿಂದೆ ಕದ್ದುಮುಚ್ಚಿ ಆಗುವುದಕ್ಕಿಂತ ನಿಮ್ಮ ಕಣ್ಣೆದುರು, ಒಂದೇ ಬಾರಿ, ಡೆಸ್ಕ್‌ಟಾಪಿನಲ್ಲಿ ಆಗಲಿ ಎಂಬುದು ನನ್ನ ಸಲಹೆ.

ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ಹಳೆಯ ಫೈಲನ್ನು ತೆರೆದರೆ ಮೇಲಿನ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂದು ಕಾಣಿಸುತ್ತದೆ. ಅಲ್ಲಿ ಎರಡು ದಾರಿಗಳಿವೆ. ಫೈಲ್ ಮೆನುವಿನ ಇನ್ಫೊ ಪುಟದಲ್ಲಿರುವ ಕನ್ವರ್ಟ್ ಎಂಬುದು ಹಳೆಯದರ ಜಾಗದಲ್ಲಿ ಹೊಸದನ್ನು ಕೂರಿಸಿಬಿಡುತ್ತದೆ. ಸೇವ್ ಆ್ಯಸ್ ಮೂಲಕ ರೂಪ ಬದಲಿಸಿದರೆ ಹಳೆಯದು ಉಳಿದುಕೊಂಡು ಹೊಸದು ಬೇರೆಯಾಗಿ ಆಗುತ್ತದೆ. ಎರಡನೆಯದನ್ನೇ ಬಳಸಿ. ಉಳಿಸಿದ ಮೇಲೆ ಫೈಲನ್ನು ಮುಚ್ಚಿ ಮತ್ತೆ ತೆರೆಯುವುದನ್ನು ಮರೆಯಬೇಡಿ, ಏಕೆಂದರೆ ಹಾಗೆ ಮಾಡುವವರೆಗೆ ಹಳೆಯ ಮಿತಿಗಳೇ ಮುಂದುವರಿಯುತ್ತವೆ. ಹಳೆಯ ರೂಪದಲ್ಲಿ ಒಂದು ಶೀಟಿಗೆ 65,536 ಸಾಲು, 256 ಕಾಲಂ. ಹೊಸದರಲ್ಲಿ 10,48,576 ಸಾಲು, 16,384 ಕಾಲಂ.

ಈ 65,536ರ ಮಿತಿ ಬರಿಯ ಅಂಕಿಯಲ್ಲ ಎಂಬುದಕ್ಕೆ ಒಂದು ನಿದರ್ಶನ ಹೇಳಿ ಮುಂದೆ ಹೋಗುತ್ತೇನೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದೈನಂದಿನ ಎಣಿಕೆಯಿಂದ ಹೊರಗುಳಿದವು. ಪರೀಕ್ಷಾ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ರೂಪದ ಫೈಲಿಗೆ ತುಂಬುವಾಗ ಸಾಲುಗಳು ಮುಗಿದು, ಹೆಚ್ಚಾದವು ಬಿದ್ದುಹೋದದ್ದು ಅದಕ್ಕೆ ಕಾರಣವೆಂದು ಆಗ ವರದಿಯಾಗಿತ್ತು. ಹಳೆಯ ರೂಪದಲ್ಲೇ ಹೊಸ ನಮೂದುಗಳನ್ನು ಸೇರಿಸುತ್ತ ಹೋಗುವವರಿಗೆ ಇಷ್ಟು ನೆನಪಿದ್ದರೆ ಸಾಕು.

ಗುಂಡಿಯ ವಿಚಾರ: ಅದರ ಹಿಂದೆ ವಿಬಿಎ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮ್ಯಾಕ್ರೊ ಇರಬೇಕು. ಅಂತಹ ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿದರೆ ಮ್ಯಾಕ್ರೊ ಅಳಿಸಿಹೋಗುತ್ತದೆ. ಎಚ್ಚರಿಕೆ ಬರುತ್ತದೆ ನಿಜ, ಆದರೆ ನಾವೆಲ್ಲರೂ ಎಚ್ಚರಿಕೆಗಳನ್ನು ಓದದೆ ಸರಿ ಎಂದು ಒತ್ತುವವರೇ. ಅದನ್ನು ಎಕ್ಸ್‌ಎಲ್‌ಎಸ್‌ಎಂ ಎಂಬ ರೂಪದಲ್ಲಿ ಉಳಿಸಬೇಕು. ಹಾಗೆ ಮಾಡಿದರೂ ಬ್ರೌಸರಿನಲ್ಲಿ ವಿಬಿಎ ಓಡುವುದಿಲ್ಲ. ಆ ಒಂದು ಫೈಲನ್ನು ಡೆಸ್ಕ್‌ಟಾಪಿನಲ್ಲೇ ಬಳಸಿ, ಇಲ್ಲವೇ ಆ ವರದಿಯನ್ನು ಪಿವಟ್ ಟೇಬಲ್ (ದತ್ತಾಂಶವನ್ನು ಗುಂಪುಮಾಡಿ ಮೊತ್ತ ತೋರಿಸುವ ಕೋಷ್ಟಕ) ಮೂಲಕ ಹೊಸದಾಗಿ ಕಟ್ಟಿ. ಇನ್ನೊಂದು ಸಂಗತಿ: ಹಳೆಯ ಮ್ಯಾಕ್ರೊಗಳಲ್ಲಿ ಕೊನೆಯ ಸಾಲನ್ನು ಹುಡುಕಲು ಎ65536 ಎಂಬ ಸೆಲ್‌ನಿಂದ ಮೇಲಕ್ಕೆ ಹತ್ತುವ ರೂಢಿಯಿತ್ತು. ಹೊಸ ರೂಪದಲ್ಲಿ ದತ್ತಾಂಶ ಅದಕ್ಕಿಂತ ಕೆಳಗೆ ಬೆಳೆದ ದಿನ ಆ ಮ್ಯಾಕ್ರೊ ತಪ್ಪು ಲೆಕ್ಕ ಕೊಡುತ್ತದೆ, ದೂರು ಮಾತ್ರ ಹೇಳುವುದಿಲ್ಲ. ಸಂಖ್ಯೆಯ ಬದಲು, ಶೀಟಿನ ಒಟ್ಟು ಸಾಲುಗಳೆಷ್ಟೆಂದು ಹೇಳುವ ರೋಸ್ ಕೌಂಟ್ ಎಂಬ ಗುಣವನ್ನು ಬಳಸಿ ತಿದ್ದಿಕೊಳ್ಳಿ.

ಕೀಲಿಮಣೆ:

ತೆರೆಯದೆ ಇರುವ ಫೈಲುಗಳ ಬಗ್ಗೆ. ಡೆಸ್ಕ್‌ಟಾಪ್ ಎಚ್ಚರಿಸಿ ತೆರೆಯುತ್ತದೆ, ಕ್ಲೌಡ್ ತೆರೆಯುವುದೇ ಇಲ್ಲ ಎಂದರೆ ನನ್ನ ಮೊದಲ ಅನುಮಾನ, ಅವು ಎಕ್ಸ್‌ಎಲ್‌ಎಸ್ ಫೈಲುಗಳೇ ಅಲ್ಲ ಎಂಬುದು. ಹಳೆಯ ಲೆಕ್ಕದ ತಂತ್ರಾಂಶಗಳು ಮತ್ತು ಜಾಲತಾಣಗಳು ವರದಿಯನ್ನು ಎಚ್‌ಟಿಎಂಎಲ್ (ಜಾಲಪುಟಗಳ ಭಾಷೆ) ಕೋಷ್ಟಕವಾಗಿಯೋ ಟ್ಯಾಬ್‌ನಿಂದ ಬೇರ್ಪಡಿಸಿದ ಪಠ್ಯವಾಗಿಯೋ ಸಿದ್ಧಪಡಿಸಿ, ಎಕ್ಸೆಲ್‌ನಲ್ಲಿ ತೆರೆಯಲಿ ಎಂಬ ಒಂದೇ ಉದ್ದೇಶಕ್ಕೆ ಎಕ್ಸ್‌ಎಲ್‌ಎಸ್ ಎಂಬ ಬಾಲ ಅಂಟಿಸಿ ಕೊಡುತ್ತಿದ್ದವು. ಡೆಸ್ಕ್‌ಟಾಪ್ ಎಕ್ಸೆಲ್ ಒಳಗಿನದಕ್ಕೂ ಹೆಸರಿಗೂ ಹೊಂದುತ್ತಿಲ್ಲವೆಂದು ಗೊಣಗಿ, ಆದರೂ ತೆರೆಯುತ್ತದೆ. ಬ್ರೌಸರಿನ ತಂತ್ರಾಂಶಕ್ಕೆ ಅಷ್ಟು ಸಹನೆ ಇರುವುದಿಲ್ಲ.

ಪರೀಕ್ಷಿಸುವುದು ಸುಲಭ. ಫೈಲಿನ ಒಂದು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲಿಗೇ < > ಎಂಬ ಕೋನಾವರಣದೊಳಗೆ ಎಚ್‌ಟಿಎಂಎಲ್ ಅಥವಾ ಟೇಬಲ್ ಎಂಬ ಗುರುತು ಕಂಡರೆ ಅದು ವೇಷ ಹಾಕಿದ ಜಾಲಪುಟ. ಮೊದಲ ಎರಡು ಅಕ್ಷರಗಳು ಪಿ ಮತ್ತು ಕೆ ಆಗಿದ್ದರೆ ಅದು ಜಿಪ್ ಪೊಟ್ಟಣ, ಅಂದರೆ ಯಾರೋ ಹೊಸ ಫೈಲಿಗೆ ಹಳೆಯ ಹೆಸರಿಟ್ಟಿದ್ದಾರೆ. ಆ ಅಕ್ಷರಗಳು ಜಿಪ್ ರೂಪವನ್ನು ರಚಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ನಿಜವಾದ ಎಕ್ಸ್‌ಎಲ್‌ಎಸ್ ಆಗಿದ್ದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನೋಡಿದರೆ ಮೊದಲ ನಾಲ್ಕು ಬೈಟುಗಳು ಡಿ0, ಸಿಎಫ್, 11, ಇ0 ಎಂದಿರುತ್ತವೆ. ಅವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕಣ್ಣು ಕಿರಿದು ಮಾಡಿ ಓದಿದರೆ ಅದು ಡಾಕ್‌ಫೈಲ್ ಎಂಬ ಇಂಗ್ಲಿಷ್ ಪದದಂತೆ ಕಾಣುವುದು ಕಾಕತಾಳೀಯವಲ್ಲ.

ನಿಜವಾದ ಎಕ್ಸ್‌ಎಲ್‌ಎಸ್ ಆಗಿದ್ದೂ ತೆರೆಯದಿದ್ದರೆ, ತೆರೆಯಲು ಪಾಸ್‌ವರ್ಡ್ ಇಟ್ಟಿದ್ದಾರೆಯೇ ನೋಡಿ. ಅಂತಹ ಫೈಲುಗಳ ಒಳಭಾಗ ಗೂಢಲಿಪಿಯಲ್ಲಿರುವುದರಿಂದ ಬಹುತೇಕ ಕ್ಲೌಡ್ ತಂತ್ರಾಂಶಗಳು ಅವನ್ನು ಬ್ರೌಸರಿನಲ್ಲಿ ತಿದ್ದಲು ಕೊಡುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಪಾಸ್‌ವರ್ಡ್ ತೆಗೆದು, ಕ್ಲೌಡ್‌ನ ಹಂಚಿಕೆಯ ಅನುಮತಿಗಳಿಂದಲೇ ರಕ್ಷಣೆ ಕೊಡುವುದು ಒಳ್ಳೆಯದು. ಶೇರ್ಡ್ ವರ್ಕ್‌ಬುಕ್ ಎಂಬ ಹಳೆಯ ಸೌಲಭ್ಯವನ್ನು ಯಾರಾದರೂ ಚಾಲೂ ಮಾಡಿದ್ದರೆ ಅದನ್ನೂ ಮೊದಲು ನಿಲ್ಲಿಸಬೇಕು. ಹೆಸರು ಹಂಚಿಕೆಯದೇ ಆದರೂ ಇಂದಿನ ಕೂಡುಬರವಣಿಗೆಗೆ ಅದೇ ಅಡ್ಡಗಾಲು.

ಜಮಾಖರ್ಚು:

ಇಬ್ಬರಿಗೂ ಧನ್ಯವಾದಗಳು. ಕೀಲಿಮಣೆ ಅವರು ಹೇಳಿದಂತೆಯೇ ಆಯಿತು. ತೆರೆಯದ ಏಳರಲ್ಲಿ ಐದು ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ನೋಡಿದಾಗ ಎಚ್‌ಟಿಎಂಎಲ್ ಕೋಷ್ಟಕಗಳೆಂದು ತಿಳಿಯಿತು, ಡೆಸ್ಕ್‌ಟಾಪಿನಲ್ಲಿ ತೆರೆದು ಹೊಸ ರೂಪದಲ್ಲಿ ಉಳಿಸಿದೆ. ಉಳಿದ ಎರಡಕ್ಕೆ ಪಾಸ್‌ವರ್ಡ್ ಇತ್ತು. ಒಂದರದು ಹಳೆಯ ಡೈರಿಯಲ್ಲಿ ಸಿಕ್ಕಿತು, ಇನ್ನೊಂದರದನ್ನು ಇಟ್ಟವರು ನಿವೃತ್ತರಾಗಿದ್ದಾರೆ, ಅವರನ್ನು ಕೇಳಬೇಕು.

ಈಗ ಹೊಸ ಅನುಮಾನಗಳು. ಪರಿವರ್ತಿಸಿದ ಫೈಲುಗಳಲ್ಲಿ ಒಂದು, ಬೇರೆ ಎರಡು ಫೈಲುಗಳಿಂದ ಮೊತ್ತಗಳನ್ನು ತರಿಸಿಕೊಳ್ಳುವ ಸಾರಾಂಶ ಪಟ್ಟಿ. ಅದು ಯಾವ ದೋಷವನ್ನೂ ತೋರಿಸುತ್ತಿಲ್ಲ, ಆದರೆ ಮೂಲ ಫೈಲುಗಳಲ್ಲಿ ಅಂಕಿ ಬದಲಿಸಿದರೂ ಸಾರಾಂಶ ಬದಲಾಗುತ್ತಿಲ್ಲ. ಇನ್ನೊಂದು ಫೈಲಿನಲ್ಲಿ ಕೆಲವು ಸೆಲ್‌ಗಳಿಗೆ ಇಟ್ಟಿದ್ದ ಹೆಸರುಗಳ ಆರಂಭದಲ್ಲಿ ತಾನಾಗಿಯೇ ಅಡಿಗೆರೆ ಬಂದು ಕುಳಿತಿದೆ. ಇದು ನನ್ನ ಕೈತಪ್ಪೇ? 140 ಫೈಲುಗಳನ್ನೂ ಹೀಗೆ ಒಂದೊಂದಾಗಿ ತೆರೆದು ಉಳಿಸುವ ಬದಲು ಒಟ್ಟಿಗೆ ಬದಲಿಸುವ ಉಪಾಯವಿದೆಯೇ?

ಹಳೇಬೇರು:

ನಿಧಾನಿಯವರ ವಿವರಣೆ ಸರಿಯಾಗಿದೆ, ಆದರೆ ಅದನ್ನು ಓದಿದವರು ಎಲ್ಲ ಫೈಲುಗಳನ್ನೂ ಪರಿವರ್ತಿಸಬೇಕೆಂದು ತಿಳಿದುಕೊಳ್ಳುವ ಅಪಾಯವಿದೆ. ಅದಕ್ಕೆ ನನ್ನ ಸಮ್ಮತಿಯಿಲ್ಲ. ಲೆಕ್ಕ ಮುಗಿದು, ಪರಿಶೋಧನೆಯಾಗಿ, ಇನ್ನು ಮುಂದೆ ಒಂದು ಅಂಕಿಯನ್ನೂ ಮುಟ್ಟಬಾರದ ವರ್ಷಗಳ ಫೈಲುಗಳು ಓದಲು ಮಾತ್ರ ತೆರೆಯುತ್ತವೆ ಎಂದರೆ ಅದು ತೊಂದರೆಯಲ್ಲ, ಉಪಕಾರ. ಇಂದಿಗೂ ನಮೂದುಗಳು ಸೇರುತ್ತಿರುವ ಫೈಲುಗಳನ್ನಷ್ಟೇ ಆರಿಸಿಕೊಳ್ಳಿ. 140ರಲ್ಲಿ ಅಂತಹವು ಮೂವತ್ತು ನಲವತ್ತನ್ನು ದಾಟಲಾರವು ಎಂದುಕೊಂಡಿದ್ದೇನೆ.

ಒಟ್ಟಿಗೆ ಬದಲಿಸುವ ಉಪಾಯವಿದೆ. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ಕಿಟಕಿ ತೆರೆಯದೆ, ಕಮ್ಯಾಂಡ್ ಸಾಲಿನಿಂದ ಓಡಿಸಿ, ಒಂದು ಫೋಲ್ಡರಿನ ಎಲ್ಲ ಫೈಲುಗಳನ್ನೂ ಹೊಸ ರೂಪಕ್ಕೆ ತರಬಹುದು. ಬರಿಯ ಅಂಕಿ ಮತ್ತು ಸರಳ ಸೂತ್ರಗಳಿರುವ ಫೈಲುಗಳಿಗೆ ಅದು ಸಾಕು. ಮ್ಯಾಕ್ರೊ, ಪಿವಟ್ ಟೇಬಲ್, ಹೆಣೆದುಕೊಂಡ ಚಾರ್ಟುಗಳಿರುವ ಫೈಲುಗಳನ್ನು ಮಾತ್ರ ಆ ರಾಶಿಗೆ ಸೇರಿಸಬೇಡಿ, ಕೈಯಿಂದಲೇ ಮಾಡಿ.

ಅಡಿಗೆರೆ ನಿಮ್ಮ ಕೈತಪ್ಪಲ್ಲ. ಹಳೆಯ ರೂಪದಲ್ಲಿ ಕಾಲಂಗಳು ಐವಿ ಎಂಬಲ್ಲಿಗೆ ಮುಗಿಯುತ್ತಿದ್ದವು. ಹೊಸದರಲ್ಲಿ ಎಕ್ಸ್‌ಎಫ್‌ಡಿವರೆಗೆ, ಅಂದರೆ ಮೂರಕ್ಷರದ ಹೆಸರುಗಳವರೆಗೆ ಬೆಳೆದಿವೆ. ಹೀಗಾಗಿ ತೆರಿಗೆಯ ಇಂಗ್ಲಿಷ್ ಪದವಾದ ಟ್ಯಾಕ್ಸ್‌ಗೆ 2008 ಸೇರಿಸಿ ಒಂದು ಸೆಲ್‌ಗೆ ಹೆಸರಿಟ್ಟಿದ್ದರೆ, ಅಂದು ಅದು ಹೆಸರಾಗಿಯೇ ಇತ್ತು, ಇಂದು ಅದು ಟಿ-ಎ-ಎಕ್ಸ್ ಕಾಲಂನ 2008ನೆಯ ಸಾಲಿನ ವಿಳಾಸವೂ ಆಗಿಬಿಡುತ್ತದೆ. ಘರ್ಷಣೆ ತಪ್ಪಿಸಲು ಎಕ್ಸೆಲ್ ತಾನೇ ಹೆಸರಿನ ಆರಂಭದಲ್ಲಿ ಒಂದು ಅಡಿಗೆರೆ ಇಟ್ಟು, ಸೂತ್ರಗಳಲ್ಲಿಯೂ ಹಾಗೆಯೇ ತಿದ್ದಿಕೊಳ್ಳುತ್ತದೆ. ಆದರೆ ಮ್ಯಾಕ್ರೊದೊಳಗೆ ಉದ್ಧರಣ ಚಿಹ್ನೆಗಳ ನಡುವೆ ಬರೆದ ಹೆಸರು ಮತ್ತು ಪಠ್ಯವನ್ನು ಸೆಲ್ ವಿಳಾಸವೆಂದು ಓದುವ ಇನ್‌ಡೈರೆಕ್ಟ್ ಎಂಬ ಸೂತ್ರಕ್ಕೆ ಪಠ್ಯವಾಗಿ ಕೊಟ್ಟ ಹೆಸರು ಹಾಗೆಯೇ ಉಳಿಯುತ್ತವೆ. ಅವು ಈಗ ನಿಮ್ಮ ಸೆಲ್ ಬಿಟ್ಟು ದೂರದ ಒಂದು ಖಾಲಿ ಸೆಲ್‌ನತ್ತ ಬೆರಳು ತೋರುತ್ತಿರುತ್ತವೆ, ಉತ್ತರವಾಗಿ ಸೊನ್ನೆ ಬರುತ್ತದೆ. ಸೊನ್ನೆ ದೋಷಸೂಚನೆಯಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಕಿ ತಿದ್ದಿ.

ಸಾರಾಂಶ ಪಟ್ಟಿಯದು ಇದಕ್ಕಿಂತ ಜಾಣ ಮೋಸ. ಆ ಪಟ್ಟಿಯ ಸೂತ್ರಗಳಲ್ಲಿ ಮೂಲ ಫೈಲಿನ ಪೂರ್ಣ ಹೆಸರು ಬಾಲದ ಸಹಿತ ಬರೆದಿರುತ್ತದೆ. ನೀವು ಮೂಲವನ್ನು ಹೊಸ ರೂಪಕ್ಕೆ ತಂದು ಅದರಲ್ಲಿ ಅಂಕಿ ಬದಲಿಸುತ್ತಿದ್ದೀರಿ. ಪಟ್ಟಿ ಮಾತ್ರ ಇನ್ನೂ ಪಕ್ಕದಲ್ಲೇ ಇರುವ ಹಳೆಯ ಎಕ್ಸ್‌ಎಲ್‌ಎಸ್ ಫೈಲನ್ನೇ ಕೇಳುತ್ತಿದೆ. ಹಳೆಯದು ಅಲ್ಲೇ ಇರುವುದರಿಂದ ಕೊಂಡಿ ಮುರಿದಿಲ್ಲ, ದೋಷವೂ ಕಾಣುವುದಿಲ್ಲ. ಡೇಟಾ ಮೆನುವಿನ ಎಡಿಟ್ ಲಿಂಕ್ಸ್‌ಗೆ (ಹೊಸ ಆವೃತ್ತಿಗಳಲ್ಲಿ ವರ್ಕ್‌ಬುಕ್ ಲಿಂಕ್ಸ್) ಹೋಗಿ ಮೂಲವನ್ನು ಬದಲಿಸಿ. ಮುಂದಿನ ಸಲ ಪರಿವರ್ತಿಸುವಾಗ ಸಾರಾಂಶ ಮತ್ತು ಮೂಲ ಎರಡನ್ನೂ ಡೆಸ್ಕ್‌ಟಾಪಿನಲ್ಲಿ ಒಟ್ಟಿಗೆ ತೆರೆದಿಟ್ಟು, ಮೂಲವನ್ನು ಮೊದಲು ಹೊಸ ಹೆಸರಿನಲ್ಲಿ ಉಳಿಸಿ, ಆಮೇಲೆ ಸಾರಾಂಶವನ್ನು ಉಳಿಸಿದರೆ ಕೊಂಡಿಗಳು ತಾವಾಗಿಯೇ ಹೊಸ ಹೆಸರಿಗೆ ಹೊರಳುತ್ತವೆ. ಸಿ ಡ್ರೈವಿನ ವಿಳಾಸವಿರುವ ಕೊಂಡಿಗಳನ್ನು ಬ್ರೌಸರಿನ ತಂತ್ರಾಂಶ ಹಿಂಬಾಲಿಸಲಾರದು ಎಂಬುದನ್ನೂ ಗಮನಿಸಿ. ಕೊನೆಯ ಬಾರಿ ಉಳಿಸಿದಾಗಿದ್ದ ಅಂಕಿಯನ್ನೇ ಅದು ತೋರಿಸುತ್ತ ಕುಳಿತಿರುತ್ತದೆ.

ದಿನಾಂಕದ ವಿಷಯವನ್ನು ಯಾರೂ ಮುಟ್ಟಿಲ್ಲ. ನೀವು ಕೊಟ್ಟ ಎರಡು ದಿನಾಂಕಗಳ ನಡುವೆ 1,462 ದಿನಗಳ ಅಂತರವಿದೆ, ಅಷ್ಟರಿಂದಲೇ ರೋಗ ಗೊತ್ತಾಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ದಿನಾಂಕವೆಂದರೆ ಒಂದು ಮೊದಲ ದಿನದಿಂದ ಎಣಿಸಿದ ಸಂಖ್ಯೆ. ಹೆಚ್ಚಿನ ಫೈಲುಗಳು 1900ರಿಂದ ಎಣಿಸುತ್ತವೆ. ಮ್ಯಾಕಿಂಟಾಷ್ ಎಕ್ಸೆಲ್‌ನ ಹಳೆಯ ಆವೃತ್ತಿಗಳಲ್ಲಿ ಮಾಡಿದ ಫೈಲುಗಳು 1904ರಿಂದ ಎಣಿಸುತ್ತವೆ. ಫೈಲನ್ನು ಇಡಿಯಾಗಿ ಪರಿವರ್ತಿಸಿದರೆ ಏನೂ ಆಗದು, ಏಕೆಂದರೆ ಯಾವ ಪದ್ಧತಿ ಎಂಬ ಗುರುತು ಜೊತೆಯಲ್ಲೇ ಹೋಗುತ್ತದೆ. ಸೆಲ್‌ಗಳನ್ನು 1904ರ ಪದ್ಧತಿಯ ಫೈಲಿನಿಂದ ನಕಲು ಮಾಡಿ 1900ರ ಪದ್ಧತಿಯ ಫೈಲಿಗೆ ಅಂಟಿಸಿದಾಗ ಸಂಖ್ಯೆ ಮಾತ್ರ ಹೋಗಿ, ದಿನಾಂಕ ನಾಲ್ಕು ವರ್ಷ ಒಂದು ದಿನ ಹಿಂದೆ ಸರಿಯುತ್ತದೆ. ಒಂದು ಖಾಲಿ ಸೆಲ್‌ನಲ್ಲಿ 1462 ಎಂದು ಬರೆದು, ಅದನ್ನು ನಕಲು ಮಾಡಿ, ತಪ್ಪಾದ ದಿನಾಂಕಗಳನ್ನು ಆರಿಸಿ, ಪೇಸ್ಟ್ ಸ್ಪೆಷಲ್‌ನಲ್ಲಿ ಮೌಲ್ಯಗಳು ಮತ್ತು ಕೂಡಿಸು ಎಂಬ ಎರಡನ್ನೂ ಒತ್ತಿದರೆ ಸರಿಹೋಗುತ್ತದೆ. ಅಂದಹಾಗೆ 1900ರ ಪದ್ಧತಿಯೂ ಶುದ್ಧವಲ್ಲ. 1900 ಅಧಿಕ ವರ್ಷವಲ್ಲದಿದ್ದರೂ ಎಕ್ಸೆಲ್ ಅದಕ್ಕೆ ಫೆಬ್ರವರಿ 29 ಕೊಟ್ಟಿದೆ. ಎಕ್ಸೆಲ್‌ಗೂ ಹಿಂದಿನ ಸ್ಪ್ರೆಡ್‌ಶೀಟ್ ತಂತ್ರಾಂಶವಾದ ಲೋಟಸ್ 1-2-3ರಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಇಟ್ಟುಕೊಂಡರು, ಇಂದಿಗೂ ಅದು ಹಾಗೆಯೇ ಇದೆ.

ಲೆಕ್ಕ ಕೆಡಲಿಲ್ಲವೆಂದು ನಂಬುವುದು ಹೇಗೆ ಎಂದು ಮೊದಲೇ ಕೇಳಿದ್ದಿರಿ. ನಂಬಬೇಡಿ, ಹೋಲಿಸಿ ನೋಡಿ. ಪರಿವರ್ತಿಸುವ ಮೊದಲು ಪ್ರತಿ ಫೈಲಿನ ಶೀಟುಗಳ ಸಂಖ್ಯೆ, ಪ್ರತಿ ಶೀಟಿನ ಕೊನೆಯ ಸಾಲು, ಮುಖ್ಯ ಕಾಲಂಗಳ ಮೊತ್ತ ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಹೊಸ ಫೈಲನ್ನು ಬ್ರೌಸರಿನಲ್ಲಿ ತೆರೆದು ಅದೇ ಅಂಕಿಗಳನ್ನು ತಾಳೆ ನೋಡಿ. ಶೀಟುಗಳನ್ನು ಎಣಿಸುವಾಗ ಅಡಗಿಸಿಟ್ಟವನ್ನೂ ಸೇರಿಸಿ. ವಿಬಿಎ ಮೂಲಕ ಅಡಗಿಸಿದ ಶೀಟು ಅನ್‌ಹೈಡ್ ಪಟ್ಟಿಯಲ್ಲಿಯೂ ಕಾಣಿಸದೆ ಇರಬಹುದು. ಅದನ್ನು ಕಾಣಲು ವಿಬಿಎ ಎಡಿಟರನ್ನೇ ತೆರೆಯಬೇಕು.

ಅಕ್ಷರಪಾಲ:

ಒಂದು ಚಿಕ್ಕ ಸೇರ್ಪಡೆ. ಆ ಫೈಲುಗಳಲ್ಲಿ ಕನ್ನಡದಲ್ಲಿ ಬರೆದ ಹೆಸರುಗಳೋ ವಿವರಗಳೋ ಇದ್ದರೆ, ಅವನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿರುವ ಸಾಧ್ಯತೆ ಹೆಚ್ಚು. ಅಂತಹ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಮೇಲೆ ಕನ್ನಡದ ಆಕಾರವಷ್ಟೇ. ಕ್ಲೌಡ್‌ನಲ್ಲಿ ಆ ಫಾಂಟ್ ಇಲ್ಲವಾದ್ದರಿಂದ ಬರಹವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತದೆ. ಫೈಲಿನ ರೂಪ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಆ ಕಾಲಂಗಳನ್ನು ಪ್ರತ್ಯೇಕವಾಗಿ ಯೂನಿಕೋಡ್ ಪರಿವರ್ತಕದ ಮೂಲಕ ಹಾಯಿಸಬೇಕು. ಅಂಕಿಗಳಿರುವ ಕಾಲಂಗಳನ್ನು ಅದಕ್ಕೆ ಕೊಡಬೇಡಿ, ಅಂಕಿಗಳು ಪಠ್ಯವಾಗಿ ಮಾರ್ಪಟ್ಟು ಮೊತ್ತದಿಂದ ಬಿಟ್ಟುಹೋಗುತ್ತವೆ.

ಜಮಾಖರ್ಚು:

ಎರಡು ವಾರದ ಬಳಿಕ ಬರೆಯುತ್ತಿದ್ದೇನೆ. ಹಳೇಬೇರು ಅವರ ಅಂದಾಜು ಹತ್ತಿರದಲ್ಲೇ ಇತ್ತು: ಇಂದಿಗೂ ನಮೂದಾಗುತ್ತಿರುವ ಫೈಲುಗಳು 34 ಮಾತ್ರ. ಅವನ್ನು ಡೆಸ್ಕ್‌ಟಾಪಿನಲ್ಲಿ ಪರಿವರ್ತಿಸಿ, ಮೊತ್ತಗಳನ್ನು ತಾಳೆ ನೋಡಿ ಏರಿಸಿದ್ದೇವೆ. ಹಳೆಯ ಮೂಲಗಳನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿ ಓದುವ ಅನುಮತಿಯನ್ನಷ್ಟೇ ಉಳಿಸಿದ್ದೇವೆ. ಸಾರಾಂಶ ಪಟ್ಟಿಯ ಕೊಂಡಿಗಳು ಹಳೆಯ ಫೈಲುಗಳನ್ನೇ ನೋಡುತ್ತಿದ್ದವು, ಸರಿಪಡಿಸಿದ ಮೇಲೆ ಅಂಕಿ ಅಲುಗಾಡಿತು. ತಾಳೆ ನೋಡುವಾಗ ಒಂದು ಫೈಲಿನಲ್ಲಿ ನಮಗೆ ಯಾರಿಗೂ ಗೊತ್ತಿಲ್ಲದ ಅಡಗಿದ ಶೀಟೊಂದು ಸಿಕ್ಕಿತು. ಗುಂಡಿಯ ಮ್ಯಾಕ್ರೊ ದರಗಳನ್ನು ಅಲ್ಲಿಂದಲೇ ಓದುತ್ತಿತ್ತು. ಆ ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಮಾಡಿ ಸದ್ಯಕ್ಕೆ ಒಂದೇ ಕಂಪ್ಯೂಟರಿನಲ್ಲಿ ಬಳಸುತ್ತಿದ್ದೇವೆ.

ನಾವಿಬ್ಬರೂ ಬೇರೆಬೇರೆಯಾಗಿ ಮಾಡಿದ ಎರಡು ವಾರದ ನಮೂದುಗಳನ್ನು ಮಾತ್ರ ಯಾವ ಉಪಾಯವೂ ಇಲ್ಲದೆ, ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆದುಕೊಂಡು, ಒಬ್ಬರು ಓದಿ ಇನ್ನೊಬ್ಬರು ಗುರುತು ಹಾಕಿ ಕೂಡಿಸಬೇಕಾಯಿತು. ಒಟ್ಟು 212 ಸಾಲುಗಳಲ್ಲಿ 9 ಎರಡೆರಡು ಬಾರಿ ಬಂದಿದ್ದವು. ಪಾಸ್‌ವರ್ಡ್ ಮರೆತ ಫೈಲು ಇನ್ನೂ ತೆರೆದಿಲ್ಲ. ಅದನ್ನು ಇಟ್ಟವರಿಗೂ ನೆನಪಿಲ್ಲವಂತೆ.